ಕಾರ್ಕಿನ ನೆಲ: ಅದರ ಗುಣ, ಅದರ ಆರೈಕೆ

ಕಾರ್ಕ್ ಎಂಬ ವಸ್ತು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಪ್ರಯೋಗಶಾಲೆಯ ಸೀಸೆಗೆ ಬಿರಡೆಯಾಗಿ, ಬ್ಯಾಡ್‌ಮಿಂಟನ್ ಆಟದ ಷಟಲ್ಲಿಗೆ ಬುಡವಾಗಿ, ಕ್ರಿಕೆಟ್ ಚೆಂಡಿನ ತೊಗಲಿನೊಳಗಣ ತಿರುಳಾಗಿ ಅದು ಎಲ್ಲರ ಕೈಗೂ ಒಂದಲ್ಲ ಒಂದು ದಿನ ಬಂದೇ ಇರುತ್ತದೆ. ಆದರೆ ಇದೇ ಹಗುರವಾದ, ಮೆತ್ತನೆಯ ವಸ್ತುವನ್ನು ಮನೆಯ ನೆಲಕ್ಕೆ ಹಾಸುವರೆಂದರೆ ಅನೇಕರು ಆಶ್ಚರ್ಯಪಡುವರು. ನೆಲವೆಂದರೆ ಕಲ್ಲು, ಗಾರೆ, ಇಲ್ಲವೇ ಬಿಲ್ಲೆ. ಉಗುರಿನಿಂದ ಒತ್ತಿದರೆ ತಗ್ಗುವ ಬಿರಡೆಯ ಮೇಲೆ ಮನೆಯವರೆಲ್ಲ ನಡೆದಾಡುವುದು ಹೇಗೆ ಎಂಬ ಸಂದೇಹ ಸಹಜವಾದುದೇ. ಆದರೂ ಯೂರೋಪು ಮತ್ತು ಅಮೆರಿಕಗಳ ಶೀತಪ್ರದೇಶಗಳಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಕಾರ್ಕಿನ ನೆಲ ಬಳಕೆಯಲ್ಲಿದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಪೆನ್ಸಿಲ್ವೇನಿಯದ ಜಲಪಾತವೊಂದರ ಮೇಲೆ ಕಟ್ಟಿಸಿದ ‘ಫಾಲಿಂಗ್ ವಾಟರ್’ ಎಂಬ ಪ್ರಸಿದ್ಧ ಮನೆಯಲ್ಲಿ ಸ್ನಾನಗೃಹಗಳ ನೆಲಕ್ಕೂ ಗೋಡೆಗೂ ಕಾರ್ಕನ್ನೇ ಹೊದಿಸಲಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಈ ನೆಲವನ್ನು ಕುರಿತ ಜಾಹೀರಾತುಗಳು ಹೆಚ್ಚಾಗಿವೆ. ಅದು ಬೆಚ್ಚಗಿರುವುದು, ಮೃದುವಾಗಿರುವುದು, ಸದ್ದನ್ನು ಅಡಗಿಸುವುದು, ಕ್ರಿಮಿಗಳನ್ನು ದೂರವಿಡುವುದು, ಇಂಧನದ ವೆಚ್ಚವನ್ನು ಉಳಿಸುವುದು, ಎಲ್ಲ ಮನೆಗಳಿಗೂ ಒಪ್ಪುವುದು ಎಂದೆಲ್ಲ ಹೇಳಲಾಗುತ್ತಿದೆ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ತಿಳಿಸಿಬಿಡುತ್ತೇವೆ. ಕಾರ್ಕ್ ನಿಜವಾಗಿಯೂ ಒಳ್ಳೆಯ ನೆಲ. ಆದರೆ ಎಲ್ಲ ಮನೆಗಳಿಗೂ ಒಳ್ಳೆಯದಾದ ನೆಲವೆಂಬುದು ಲೋಕದಲ್ಲಿ ಇಲ್ಲ. ಕಾರ್ಕಿನ ಗುಣಗಳೂ ಅದು ಬೇಡುವ ಆರೈಕೆಯೂ ಒಂದೇ ಮೂಲದಿಂದ, ಎಂದರೆ ಅದರ ಸೂಕ್ಷ್ಮ ರಚನೆಯಿಂದ ಹೊರಡುತ್ತವೆ. ಆ ರಚನೆಯನ್ನು ಅರಿತವನಿಗೆ ಜಾಹೀರಾತಿನ ಯಾವ ಮಾತು ನಿಜ, ಯಾವುದು ಅತ್ಯುಕ್ತಿ ಎಂಬುದು ತಾನಾಗಿಯೇ ತಿಳಿಯುತ್ತದೆ. ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾದ ಕಷ್ಟವೂ ತಪ್ಪುತ್ತದೆ.

ಕಾರ್ಕ್ ಒಂದು ಬಗೆಯ ಓಕ್ ಮರದ ಹೊರತೊಗಟೆ. ಸಸ್ಯಶಾಸ್ತ್ರಜ್ಞರು ಈ ಮರವನ್ನು ಕ್ವೆರ್ಕಸ್ ಸೂಬರ್ ಎಂದು ಕರೆಯುವರು. ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ಸುತ್ತಣ ದೇಶಗಳಾದ ಪೋರ್ಚುಗಲ್, ಸ್ಪೇನ್, ಮೊರಾಕೊ, ಆಲ್ಜೀರಿಯ, ಟ್ಯುನೀಸಿಯ, ಇಟಲಿ ಮತ್ತು ಫ್ರಾನ್ಸುಗಳೇ ಅದರ ತವರು. ಪೋರ್ಚುಗಲ್ ಒಂದರಲ್ಲಿಯೇ ಇಂತಹ ಕಾಡು 7 ಲಕ್ಷ ಹೆಕ್ಟೇರಿಗೂ ಮಿಕ್ಕಿ ಹಬ್ಬಿದೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪಾಲು ಅಲ್ಲಿಂದಲೇ ಬರುತ್ತದೆ. 2011ರಲ್ಲಿ ಆ ದೇಶದ ಸಂಸತ್ತು ಈ ಮರವನ್ನು ರಾಷ್ಟ್ರವೃಕ್ಷವೆಂದು ಘೋಷಿಸಿತು. ನಮ್ಮ ರಸ್ತೆಗಳ ಬದಿಯಲ್ಲಿ ಬೆಳೆಯುವ ಆಕಾಶಮಲ್ಲಿಗೆಯ ಮರಕ್ಕೂ ಇಂಗ್ಲಿಷಿನಲ್ಲಿ ‘ಇಂಡಿಯನ್ ಕಾರ್ಕ್ ಟ್ರೀ’ ಎಂಬ ಹೆಸರುಂಟು. ಅದರ ತೊಗಟೆಯನ್ನು ಹಿಂದೆ ಕಾರ್ಕಿಗೆ ಬದಲಾಗಿ ಉಪಯೋಗಿಸಿದ್ದುಂಟಾದರೂ ಅದು ಕೀಳು ದರ್ಜೆಯದು. ಎರಡು ಮರಗಳಿಗೂ ಸಸ್ಯಶಾಸ್ತ್ರದಲ್ಲಿ ಯಾವ ಹತ್ತಿರದ ನೆಂಟಸ್ತಿಕೆಯೂ ಇಲ್ಲ.

ಕಾರ್ಕಿನ ಮರವನ್ನು ಕಡಿಯುವುದಿಲ್ಲ, ಸುಲಿಯುತ್ತಾರೆ. ಮೇ ತಿಂಗಳಿನಿಂದ ಆಗಸ್ಟ್ ತಿಂಗಳವರೆಗೆ, ಮರ ಚೆನ್ನಾಗಿ ಬೆಳೆಯುತ್ತಿರುವ ಕಾಲದಲ್ಲಿ, ನುರಿತ ಕೆಲಸಗಾರರು ಕೊಡಲಿಯಿಂದ ಹೊರತೊಗಟೆಯನ್ನು ಸೀಳಿ, ಹಲಗೆಗಳಂತೆ ಬಿಡಿಸಿಕೊಳ್ಳುವರು. ಒಳಗಿನ ಜೀವಂತ ಪದರಕ್ಕೆ ಪೆಟ್ಟು ತಗಲದಿದ್ದರೆ ಮರ ಹೊಸ ತೊಗಟೆಯನ್ನು ಬೆಳೆಸಿಕೊಳ್ಳುತ್ತದೆ. ಸಸಿ ನೆಟ್ಟು ಸುಮಾರು 25 ವರ್ಷಗಳಾದ ಮೇಲೆ ಮೊದಲನೆಯ ಸುಲಿತ. ಅನಂತರ ಪೋರ್ಚುಗಲ್ಲಿನ ಕಾನೂನಿನಂತೆ ಕನಿಷ್ಠ 9 ವರ್ಷಗಳಿಗೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುವರು. ಮೊದಲ ಎರಡು ಸುಲಿತಗಳ ತೊಗಟೆ ಒರಟಾಗಿರುವುದರಿಂದ ಬಿರಡೆಗೆ ಬಾರದು. ಮೂರನೆಯ ಸುಲಿತದ ವೇಳೆಗೆ ಮರಕ್ಕೆ ನಲವತ್ತು ದಾಟಿರುತ್ತದೆ. ಆಗುವಾಸ್ ದಿ ಮೌರ ಎಂಬ ಊರಿನಲ್ಲಿ 1783ರಲ್ಲಿ ನೆಟ್ಟ ಒಂದು ಮರವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಸುಲಿದಿದ್ದಾರೆ. 1991ರ ಒಂದೇ ಸುಲಿತದಲ್ಲಿ ಅದು 1200 ಕಿಲೋಗ್ರಾಮ್ ತೊಗಟೆಯನ್ನು ಕೊಟ್ಟಿತು. ಬಿರಡೆಗೆ ಬಾರದ ಒರಟು ತೊಗಟೆ, ಬಿರಡೆಗಳನ್ನು ಕೊರೆದ ಮೇಲೆ ಉಳಿದ ಚೂರು, ಇವುಗಳನ್ನು ಪುಡಿಮಾಡಿ, ಅಂಟು ಬೆರಸಿ, ಬಿಸಿಯಲ್ಲಿ ಅದುಮಿ ನೆಲದ ಬಿಲ್ಲೆಗಳನ್ನು ತಯಾರಿಸುತ್ತಾರೆ. ಆದುದರಿಂದ ಕಾರ್ಕಿನ ನೆಲ ಬಹುಮಟ್ಟಿಗೆ ಬಿರಡೆಯ ಉದ್ಯಮದ ಉಳಿಕೆಯಿಂದ ಆದುದು.

ಇನ್ನು ರಚನೆಯ ವಿಚಾರ. 1665ರಲ್ಲಿ ಪ್ರಕಟವಾದ ‘ಮೈಕ್ರೊಗ್ರಾಫಿಯ’ ಎಂಬ ಗ್ರಂಥದಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳುವಾದ ಒಂದು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬಗೆಯನ್ನು ವರ್ಣಿಸಿದ್ದಾನೆ. ಜೇನುಗೂಡಿನಂತಹ ಪುಟ್ಟ ಪುಟ್ಟ ಕೋಣೆಗಳನ್ನು ಕಂಡು ಆತ ಅವುಗಳಿಗೆ ‘ಸೆಲ್’ ಎಂಬ ಹೆಸರಿಟ್ಟನು. ಜೀವಶಾಸ್ತ್ರದಲ್ಲಿ ನಾವು ಓದುವ ಜೀವಕೋಶದ ಇಂಗ್ಲಿಷ್ ಹೆಸರು ಹುಟ್ಟಿದ್ದು ಹೀಗೆ, ಕಾರ್ಕಿನಿಂದ. ಸ್ಥಿತಿಸ್ಥಾಪಕತ್ವದ ನಿಯಮವನ್ನು ಕೊಟ್ಟ ಹುಕ್ಕನೂ ಈತನೇ. ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಶಗಳನ್ನು ಎಣಿಸಿ, ಅಂಗುಲಕ್ಕೆ 1080, ಚದರ ಅಂಗುಲಕ್ಕೆ 11,66,400, ಘನ ಅಂಗುಲಕ್ಕೆ 125 ಕೋಟಿಗೂ ಹೆಚ್ಚು ಎಂದು ಆತ ಲೆಕ್ಕ ಹಾಕಿದನು. ಇಂದಿನ ಅಂದಾಜಿನಂತೆ ಒಂದು ಘನ ಸೆಂಟಿಮೀಟರಿನಲ್ಲಿರುವ ಕೋಶಗಳು ಸುಮಾರು 4 ಕೋಟಿ. ಹುಕ್ಕನ ಲೆಕ್ಕ ಇದರ ಎರಡರಷ್ಟಕ್ಕೆ ಹತ್ತಿರವಾಗುತ್ತದೆ. ಆತನ ಕಾಲದ ಸೂಕ್ಷ್ಮದರ್ಶಕವನ್ನು ನೆನೆದರೆ ಇದು ಮೆಚ್ಚತಕ್ಕ ಅಂದಾಜು.

ಈ ಕೋಶಗಳು ಸತ್ತ ಕೋಶಗಳು. ಅವುಗಳೊಳಗೆ ಗಾಳಿಯಂತಹ ಅನಿಲವಲ್ಲದೆ ಬೇರೇನೂ ಇಲ್ಲ. ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ನೈಸರ್ಗಿಕ ಕಾರ್ಕಿನ ಗಾತ್ರದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಅನಿಲವೇ. ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದ ಸ್ವಭಾವದ ವಸ್ತು ವಿಶೇಷವಾಗಿದ್ದು, ಅದು ನೀರನ್ನು ಒಳಗೆ ಬಿಡುವುದಿಲ್ಲ. ಕೋಶಗಳ ಪಕ್ಕದ ಗೋಡೆಗಳು ಕಮ್ಮಾರನ ತಿದಿಯ ಮಡಿಕೆಗಳಂತೆ ಸುಕ್ಕುಗಟ್ಟಿರುತ್ತವೆ. ಮುಚ್ಚಿದ ಕೋಣೆ, ಒಳಗೆ ಅನಿಲ, ಮೇಣದ ಗೋಡೆ, ತಿದಿಯ ಮಡಿಕೆ: ಈ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಸಾಕು, ಮುಂದಿನದೆಲ್ಲ ಇವುಗಳಿಂದಲೇ ಬರುತ್ತದೆ.

ಮೊದಲನೆಯ ಗುಣ ಬೆಚ್ಚನೆಯ ಸ್ಪರ್ಶ. ಒಂದೇ ಕೋಣೆಯಲ್ಲಿರುವ ಕಲ್ಲಿನ ನೆಲಕ್ಕೂ ಕಾರ್ಕಿನ ನೆಲಕ್ಕೂ ಉಷ್ಣತೆ ಒಂದೇ. ಆದರೂ ಬರಿಗಾಲಿಗೆ ಕಲ್ಲು ತಣ್ಣಗೆ, ಕಾರ್ಕ್ ಬೆಚ್ಚಗೆ ತೋರುತ್ತದೆ. ಕಾಲು ತಿಳಿಯುವುದು ನೆಲದ ಉಷ್ಣತೆಯನ್ನಲ್ಲ. ತಾನು ಎಷ್ಟು ಬೇಗ ಉಷ್ಣವನ್ನು ಕಳೆದುಕೊಳ್ಳುತ್ತಿದೆ ಎಂಬುದನ್ನು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳನ್ನು ತೆಗೆದುಕೊಂಡು ಒಂದನ್ನು ಕಲ್ಲಿನ ನೆಲದ ಮೇಲೆ, ಇನ್ನೊಂದನ್ನು ಬಿಸಿ ಪಾತ್ರೆಗಳ ಕೆಳಗೆ ಇಡುವ ಕಾರ್ಕಿನ ಮಣೆಯ ಮೇಲೆ ಇಡಿರಿ. ‘ತಣ್ಣಗಿರುವ’ ಕಲ್ಲಿನ ಮೇಲಿನ ಮಂಜುಗಡ್ಡೆಯೇ ಮೊದಲು ಕರಗುವುದನ್ನು ಕಾಣುವಿರಿ. ಕಲ್ಲು ತನ್ನ ಉಷ್ಣವನ್ನು ಬೇಗ ಸಾಗಿಸಿಕೊಡುವುದೇ ಇದಕ್ಕೆ ಕಾರಣ.

ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಹೇಳಬೇಕಾದರೆ ವಸ್ತುವಿನ ಉಷ್ಣವಾಹಕತ್ವ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರನ್ನೂ ಗುಣಿಸಿ ವರ್ಗಮೂಲವನ್ನು ತೆಗೆಯಬೇಕು. ಬಂದ ಸಂಖ್ಯೆಯನ್ನು ಪ್ರಕೃತ ‘ಸ್ಪರ್ಶಾಂಕ’ ಎಂದು ಕರೆಯೋಣ. ಅಂತರರಾಷ್ಟ್ರೀಯ ಮಾನಗಳಲ್ಲಿ ಗ್ರಾನೈಟಿನ ಸ್ಪರ್ಶಾಂಕ ಸುಮಾರು 2400. ಅದುಮಿ ಮಾಡಿದ ಕಾರ್ಕ್ ಬಿಲ್ಲೆಯದು ಸುಮಾರು 240. ನಮ್ಮ ಚರ್ಮದ್ದು ಸುಮಾರು 1200 ಎಂದು ಇಟ್ಟುಕೊಳ್ಳಬಹುದು. ಎರಡು ವಸ್ತುಗಳು ಮುಟ್ಟಿದೊಡನೆ ಅವು ಕೂಡುವ ಜಾಗದ ಉಷ್ಣತೆ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಸ್ಪರ್ಶಾಂಕ ಯಾವುದಕ್ಕೆ ಹೆಚ್ಚೋ ಅದರ ಕಡೆಗೆ ಹೆಚ್ಚು ವಾಲುತ್ತದೆ. ಕಾಲು 30 ಡಿಗ್ರಿ ಸೆಲ್ಸಿಯಸ್, ನೆಲ 15 ಡಿಗ್ರಿ ಎಂದುಕೊಂಡರೆ ಗ್ರಾನೈಟನ್ನು ಮುಟ್ಟಿದ ಅಂಗಾಲು ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಕಾರ್ಕನ್ನು ಮುಟ್ಟಿದ ಅಂಗಾಲು ಇಳಿಯುವುದು ಇಪ್ಪತ್ತೇಳೂವರೆ ಡಿಗ್ರಿಗೆ ಮಾತ್ರ. ಚಳಿಗಾಲದ ಬೆಳಗಿನಲ್ಲಿ ಹಾಸಿಗೆಯಿಂದ ಕಾಲಿಳಿಸುವವನಿಗೆ ಈ ಏಳೂವರೆ ಡಿಗ್ರಿ ಸಣ್ಣ ಮಾತಲ್ಲ.

ಆದರೆ ಇದೇ ಸೂತ್ರ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಬೇಸಗೆಯಲ್ಲಿ ನೆಲ 28 ಡಿಗ್ರಿ, ಕಾಲು 33 ಡಿಗ್ರಿ ಇರಲಿ. ಗ್ರಾನೈಟಿನ ಮೇಲೆ ಅಂಗಾಲು 30 ಡಿಗ್ರಿಗಿಂತ ಕೆಳಗೆ ಬಂದು ತಂಪೆನಿಸುತ್ತದೆ. ಕಾರ್ಕಿನ ಮೇಲೆ 32ಕ್ಕಿಂತ ಕೆಳಗೆ ಬರುವುದೇ ಇಲ್ಲ. ಶೀತದೇಶದಲ್ಲಿ ಗುಣವಾದುದು ಉಷ್ಣದೇಶದಲ್ಲಿ ಗುಣವಾಗಿ ಉಳಿಯದು. ಕಲಬುರಗಿಯ ಬೇಸಗೆಯಲ್ಲಿ ಬರಿಯ ಕಲ್ಲುಹಾಸಿನ ಮೇಲೆ ಮೈಚಾಚಿ ಮಲಗುವವನು ಭೌತಶಾಸ್ತ್ರವನ್ನು ಓದಿರದಿದ್ದರೂ ಭೌತಶಾಸ್ತ್ರಕ್ಕೆ ಅನುಗುಣವಾಗಿಯೇ ನಡೆಯುತ್ತಿರುತ್ತಾನೆ. ಎಲ್ಲ ಮನೆಗಳಿಗೂ ಒಪ್ಪುವ ನೆಲವೆಂಬ ಜಾಹೀರಾತಿನ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಇಂಧನದ ಉಳಿತಾಯವೆಂಬ ಮಾತನ್ನೂ ಪರಿಶೀಲಿಸೋಣ. ಸ್ಪರ್ಶಕ್ಕೆ ಬೆಚ್ಚಗಿರುವುದು ಬೇರೆ, ಮನೆಯ ಉಷ್ಣವನ್ನು ಹೊರಹೋಗದಂತೆ ತಡೆಯುವುದು ಬೇರೆ. ಮೊದಲನೆಯದಕ್ಕೆ ಕೆಲವೇ ಮಿಲಿಮೀಟರುಗಳ ಪದರ ಸಾಕು. ಎರಡನೆಯದಕ್ಕೆ ದಪ್ಪ ಬೇಕು. 6 ಮಿಲಿಮೀಟರ್ ದಪ್ಪದ ನೆಲದ ಬಿಲ್ಲೆ ಒಡ್ಡುವ ಉಷ್ಣನಿರೋಧ ಸುಮಾರು 0.09 ಮಾನ. ಗೋಡೆ ಮಾಡುಗಳಿಗೆ ಹೊದಿಸುವ ಹಗುರವಾದ ಕಾರ್ಕ್ ಹಲಗೆಯನ್ನು 10 ಸೆಂಟಿಮೀಟರ್ ದಪ್ಪವಾಗಿ ಹಾಕಿದರೆ ಅದೇ ಮಾನದಲ್ಲಿ ಸುಮಾರು 2.5, ಎಂದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಆದುದರಿಂದ ತೆಳುವಾದ ಕಾರ್ಕ್ ನೆಲವನ್ನು ಹಾಸಿ ಒಲೆಯ ಇಂಧನ ಬಹಳ ಉಳಿಯುವುದೆಂದು ಆಶಿಸುವುದು ಸರಿಯಲ್ಲ. ಅದು ಕಾಲಿಗೆ ಸುಖ, ಮನೆಗೆ ಕಂಬಳಿಯಲ್ಲ.

ಎರಡನೆಯ ಗುಣ ಮೃದುತ್ವ. ಕಾರ್ಕನ್ನು ಅದುಮಿದಾಗ ಕೋಶಗಳ ಗೋಡೆಗಳು ತಿದಿಯಂತೆ ಮಡಿಸಿಕೊಳ್ಳುತ್ತವೆ. ಒತ್ತಡ ಹೋದೊಡನೆ ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತವೆ. ರಬ್ಬರನ್ನು ಒಂದು ಕಡೆ ಅದುಮಿದರೆ ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಹಾಗೆ ಉಬ್ಬುವುದಿಲ್ಲವೆಂದೇ ಹೇಳಬಹುದು. ಭೌತಶಾಸ್ತ್ರದಲ್ಲಿ ಪಾಯ್ಸನ್ನನ ಅನುಪಾತವೆಂದು ಓದುವ ಸಂಖ್ಯೆ ರಬ್ಬರಿಗೆ ಅರ್ಧಕ್ಕೆ ಸಮೀಪ, ಕಾರ್ಕಿಗೆ ಸೊನ್ನೆಗೆ ಸಮೀಪ. ಸೀಸೆಯ ಬಾಯಿಗೆ ಕಾರ್ಕ್ ಸುಲಭವಾಗಿ ಇಳಿಯುವುದೂ ಇದರಿಂದಲೇ. ಅಡಿಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೂ ಮೊಣಕಾಲು ನೋವಿರುವ ಹಿರಿಯರಿಗೂ ಇಂತಹ ನೆಲ ಹಿತವಾಗಿರುತ್ತದೆ. ಕೈಜಾರಿ ಬಿದ್ದ ಪಾತ್ರೆಯನ್ನು ಈ ನೆಲ ಸ್ವಲ್ಪ ಹೆಚ್ಚು ದೂರದಲ್ಲಿ, ಸ್ವಲ್ಪ ಹೆಚ್ಚು ಕಾಲದಲ್ಲಿ ನಿಲ್ಲಿಸುವುದರಿಂದ ಪೆಟ್ಟಿನ ಬಲ ತಗ್ಗುತ್ತದೆ; ಕೆಳಗಿನ ಅಂತಸ್ತಿನವರಿಗೆ ಕೇಳುವ ಹೆಜ್ಜೆಯ ಸದ್ದೂ ತಗ್ಗುತ್ತದೆ. ಜಾರುವ ಭಯವೂ ಕಡಿಮೆ. ಕಾರ್ಕಿನ ಘರ್ಷಣೆಯಲ್ಲಿ ಒಂದು ಭಾಗ ಮೇಲ್ಮೈಯ ಅಂಟಿನಿಂದ, ಇನ್ನೊಂದು ಭಾಗ ಕಾಲಿನ ಕೆಳಗೆ ವಸ್ತು ತಗ್ಗಿ ಏಳುವಾಗ ನಷ್ಟವಾಗುವ ಶಕ್ತಿಯಿಂದ ಬರುತ್ತದೆ. ಸಾಬೂನಿನ ನೀರು ಮೊದಲನೆಯದನ್ನು ಕೆಡಿಸಬಲ್ಲುದು, ಎರಡನೆಯದನ್ನು ಅಷ್ಟಾಗಿ ಕೆಡಿಸಲಾರದು.

ಇನ್ನು ಕಾರ್ಕ್ ತಾನಾಗಿಯೇ ಕ್ರಿಮಿಗಳನ್ನು ದೂರವಿಡುವುದೆಂಬ ಮಾತು. ಮನೆಯ ನೆಲದಲ್ಲಿ ನಮ್ಮ ಕಾಲಿಗೆ ತಗಲುವುದು ಕಾರ್ಕ್ ಅಲ್ಲ, ಅದರ ಮೇಲೆ ಬಳಿದ ವಾರ್ನಿಷಿನ ಅಥವಾ ಮೇಣದ ಲೇಪ. ಹೀಗಿರುವಲ್ಲಿ ತೊಗಟೆಯ ಗುಣವನ್ನು ಲೇಪಕ್ಕೆ ಆರೋಪಿಸುವುದು ತರ್ಕಕ್ಕೆ ಒಪ್ಪುವುದಿಲ್ಲ. ಗುಡಿಸಿ ಒರಸಿದ ನೆಲ ಶುಚಿಯಾಗಿರುತ್ತದೆ. ಗುಡಿಸದ ನೆಲ ಕಾರ್ಕಿನದಾದರೂ ಕೊಳೆಯೇ.

ಈಗ ಆರೈಕೆಯ ವಿಚಾರಕ್ಕೆ ಬರೋಣ. ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆಯನ್ನು ಕೇಳಬಹುದು: ‘ಕಾರ್ಕ್ ಸೀಸೆಯಲ್ಲಿ ದ್ರವವನ್ನು ಹತ್ತಾರು ವರ್ಷ ತಡೆದು ನಿಲ್ಲಿಸುತ್ತದೆ. ಹಾಗಾದರೆ ಕಾರ್ಕಿನ ನೆಲಕ್ಕೆ ನೀರು ಸೋಕಬಾರದೆಂದು ಏಕೆ ಹೇಳುತ್ತಾರೆ?’ ಪ್ರಶ್ನೆ ಬಹಳ ಯೋಗ್ಯವಾದುದು. ಉತ್ತರವಿಷ್ಟೆ: ಬಿರಡೆ ಒಂದೇ ತುಂಡು, ನೆಲ ನೂರಾರು ತುಂಡುಗಳ ಜೋಡಣೆ. ಕೋಶದ ಮೂಲಕ ನೀರು ಹೋಗಲಾರದು, ಸಂದಿನ ಮೂಲಕ ಹೋಗಬಲ್ಲುದು. ಹೋದ ನೀರು ಬಿಲ್ಲೆಯ ಕೆಳಗಿನ ಅಂಟನ್ನು ಸಡಿಲಿಸುತ್ತದೆ, ಅಂಚುಗಳು ಮೇಲೇಳುತ್ತವೆ. ಅದೂ ಅಲ್ಲದೆ ಇಂದು ಮಾರಾಟವಾಗುವ ಕಾರ್ಕ್ ನೆಲದಲ್ಲಿ ಎರಡು ಬಗೆಗಳುಂಟು. ಒಂದು, ಪೂರ್ತಿ ಕಾರ್ಕಿನಿಂದಲೇ ಆದ, ನೆಲಕ್ಕೆ ಅಂಟಿಸುವ ಬಿಲ್ಲೆ. ಇನ್ನೊಂದು, ಒಂದಕ್ಕೊಂದು ಕೊಂಡಿ ಹಾಕಿ ಅಂಟಿಲ್ಲದೆ ಹಾಸುವ ಹಲಗೆ. ಈ ಎರಡನೆಯದರಲ್ಲಿ ಮೇಲೆ ಕೆಳಗೆ ತೆಳುವಾದ ಕಾರ್ಕಿದ್ದು, ನಡುವೆ ಮರದ ನಾರನ್ನು ಅದುಮಿ ಮಾಡಿದ ಹಲಗೆ ಇರುವುದೇ ಹೆಚ್ಚು. ಮರದ ನಾರು ನೀರನ್ನು ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿದುದು ಮತ್ತೆ ಮೊದಲಿನಂತಾಗದು. ಕೊಳ್ಳುವವರು ಬಿಲ್ಲೆಯ ಅಡ್ಡಕೊಯ್ತವನ್ನು ತಪ್ಪದೆ ನೋಡತಕ್ಕದ್ದು. ಹೆಸರು ಕಾರ್ಕಿನದಾದರೂ ಒಡಲು ಬೇರೆಯಾಗಿರಬಹುದು.

ಇದರಿಂದ ಮೊದಲನೆಯ ನಿಯಮ ತಾನಾಗಿ ದೊರೆಯಿತು. ನೆಲವನ್ನು ಒದ್ದೆಬಟ್ಟೆಯಿಂದಲ್ಲ, ಚೆನ್ನಾಗಿ ಹಿಂಡಿ ತೇವ ಮಾತ್ರ ಉಳಿದ ಬಟ್ಟೆಯಿಂದ ಒರಸಬೇಕು. ನೀರು ಚೆಲ್ಲಿದರೆ ಒಡನೆಯೇ ಬಟ್ಟೆಯಿಂದ ಹೀರಿಸಬೇಕು. ಬಕೀಟಿನ ನೀರು ಸುರಿದು ತೊಳೆಯಬಾರದು. ಹಬೆಯ ಯಂತ್ರದಿಂದ ಒರಸಲೂಬಾರದು, ಏಕೆಂದರೆ ಹಬೆ ನೀರಿಗಿಂತ ಸುಲಭವಾಗಿ ಸಂದುಗಳಲ್ಲಿ ನುಗ್ಗಿ ಅಲ್ಲಿ ನೀರಾಗುತ್ತದೆ. ಅಮೋನಿಯ, ಸೋಡಾ ಮುಂತಾದ ತೀಕ್ಷ್ಣ ಕ್ಷಾರಗಳು ಲೇಪವನ್ನು ಮಂಕಾಗಿಸುವುದರಿಂದ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸೌಮ್ಯವಾದ ಮಾರ್ಜಕವನ್ನು ಸ್ವಲ್ಪವೇ ಉಪಯೋಗಿಸಬೇಕು.

ಎರಡನೆಯ ನಿಯಮ ಒತ್ತಡಕ್ಕೆ ಸಂಬಂಧಪಟ್ಟುದು. 60 ಕಿಲೋಗ್ರಾಮ್ ತೂಕದ ಒಬ್ಬರು ಬರಿಗಾಲಿನಲ್ಲಿ ನಿಂತಾಗ ಎರಡು ಅಂಗಾಲುಗಳ ವಿಸ್ತಾರ 250 ಚದರ ಸೆಂಟಿಮೀಟರ್ ಎಂದುಕೊಂಡರೆ ನೆಲದ ಮೇಲಿನ ಒತ್ತಡ ಸುಮಾರು 24 ಸಾವಿರ ಪಾಸ್ಕಲ್. ಅವರೇ ಒಂದು ಚದರ ಸೆಂಟಿಮೀಟರಿನ ಮೊನಚು ಹಿಮ್ಮಡಿಯ ಪಾದರಕ್ಷೆಯನ್ನು ಧರಿಸಿ ಒಂದು ಹಿಮ್ಮಡಿಯ ಮೇಲೆ ಭಾರ ಬಿಟ್ಟರೆ ಒತ್ತಡ 59 ಲಕ್ಷ ಪಾಸ್ಕಲ್ಲಿಗೆ ಸಮೀಪಿಸುತ್ತದೆ. ನೈಸರ್ಗಿಕ ಕಾರ್ಕಿನ ಕೋಶಗಳು ಸುಮಾರು 10 ಲಕ್ಷ ಪಾಸ್ಕಲ್ಲಿನಲ್ಲಿಯೇ ಮಡಿಯತೊಡಗುತ್ತವೆ. ಅದುಮಿ ಮಾಡಿದ ಬಿಲ್ಲೆ ಇದಕ್ಕಿಂತ ಗಟ್ಟಿಯಾದರೂ ಇಂತಹ ಹಿಮ್ಮಡಿಗೆ ಗುಳಿ ಬೀಳುವುದು ಖಂಡಿತ. ಬೀರುವಿನಂತಹ ಭಾರದ ಸಾಮಾನಿನ ಒತ್ತಡ ಅಷ್ಟಿಲ್ಲದಿದ್ದರೂ ಅದು ಹಗಲಿರುಳೂ ಒಂದೇ ಕಡೆ ಇರುವುದರಿಂದ ಕೋಶಗಳಿಗೆ ಮತ್ತೆ ಬಿಚ್ಚಿಕೊಳ್ಳಲು ಅವಕಾಶವೇ ಇರುವುದಿಲ್ಲ. ಕಾಲುಗಳ ಕೆಳಗೆ ಅಗಲವಾದ ಹಲಗೆಯ ತುಂಡನ್ನು ಇಟ್ಟರೆ ಸಾಕು. 4 ಚದರ ಸೆಂಟಿಮೀಟರಿನ ಕಾಲಿಗೆ 100 ಚದರ ಸೆಂಟಿಮೀಟರಿನ ಹಲಗೆಯನ್ನು ಕೊಟ್ಟರೆ ಒತ್ತಡ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕುರ್ಚಿಯ ಕಾಲುಗಳಿಗೆ ಉಣ್ಣೆಯ ಫೆಲ್ಟನ್ನು ಅಂಟಿಸಬೇಕು. ಸಾಮಾನನ್ನು ಎಳೆಯದೆ ಎತ್ತಿ ಇಡಬೇಕು.

ಮೂರನೆಯದು ಮರಳು. ಬೀದಿಯ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳು ಇದ್ದೇ ಇರುತ್ತವೆ. ಮೋಸ್ ಎಂಬಾತನ ಕಾಠಿಣ್ಯಕ್ರಮದಲ್ಲಿ ಅದರ ಸ್ಥಾನ 7. ಯಾವ ವಾರ್ನಿಷೂ ಅದಕ್ಕೆ ಎದುರಾಗಿ ನಿಲ್ಲಲಾರದು. ಕಾಲಡಿಯ ಮರಳು ಲೇಪವನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಬಾಗಿಲಲ್ಲಿ ಒಳ್ಳೆಯ ಕಾಲೊರಸು, ಚಪ್ಪಲಿಯನ್ನು ಹೊರಗೆ ಬಿಡುವ ಪದ್ಧತಿ, ಮೆತ್ತನೆಯ ಪೊರಕೆಯಿಂದ ದಿನವೂ ಗುಡಿಸುವುದು, ಇವೇ ಇದಕ್ಕೆ ಔಷಧ. ಕಾಲೊರಸಿನ ಅಡಿ ರಬ್ಬರಿನದಾಗಿರಬಾರದು. ಅದು ತೇವವನ್ನು ಹಿಡಿದಿಟ್ಟು ನೆಲಕ್ಕೆ ಕಲೆಯನ್ನುಂಟುಮಾಡಬಹುದು. ಲೇಪ ಮಾಸಿ, ಕಾರ್ಕ್ ಇನ್ನೂ ಬಯಲಾಗದಿರುವಾಗಲೇ ಹೊಸ ಲೇಪವನ್ನು ಕೊಡಿಸಬೇಕು. ತೊಗಟೆಯೇ ಸವೆಯತೊಡಗಿದ ಮೇಲೆ ಲೇಪಿಸಿದರೆ ಪ್ರಯೋಜನ ಅಲ್ಪ. ಬಿಸಿಲು ನೇರವಾಗಿ ಬೀಳುವ ಕಡೆ ಬಣ್ಣ ಕೆಡುವುದರಿಂದ ಕಿಟಕಿಗೆ ಪರದೆ ಬೇಕು.

ಆರೈಕೆ ಪ್ರಾರಂಭವಾಗುವುದು ಹಾಸುವ ದಿನಕ್ಕಿಂತಲೂ ಮುಂಚೆ. ಗಾಳಿಯ ತೇವ ಹೆಚ್ಚು ಕಡಿಮೆಯಾದಂತೆ ಕಾರ್ಕ್ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಆದಕಾರಣ ಬಿಲ್ಲೆಗಳನ್ನು ಹಾಸುವ ಕೋಣೆಯಲ್ಲಿಯೇ ಎರಡು ಮೂರು ದಿನ ಬಿಚ್ಚಿಟ್ಟು ಅಲ್ಲಿಯ ಹವೆಗೆ ಹೊಂದಿಕೊಳ್ಳಲು ಬಿಡುವರು. ಕೊಂಡಿಯ ಹಲಗೆಗಳಾದರೆ ಗೋಡೆಯ ಸುತ್ತಲೂ ಸುಮಾರು ಒಂದು ಸೆಂಟಿಮೀಟರ್ ಎಡೆ ಬಿಡುವರು. ರೈಲುಕಂಬಿಗಳ ನಡುವೆ ಬಿಡುವ ಎಡೆಯ ಉದ್ದೇಶವೂ ಇದರ ಉದ್ದೇಶವೂ ಒಂದೇ. ಅಲ್ಲಿ ಹಿಗ್ಗಿಸುವುದು ಉಷ್ಣ, ಇಲ್ಲಿ ಮುಖ್ಯವಾಗಿ ತೇವ. ಕೆಳಗಿನ ಗಾರೆ ಪೂರ್ತಿಯಾಗಿ ಒಣಗಿರಬೇಕು, ಸಮತಟ್ಟಾಗಿರಬೇಕು.

ಹಾಗಾದರೆ ಈ ನೆಲ ಯಾರಿಗೆ ತಕ್ಕುದು? ಚಳಿಗಾಲ ದೀರ್ಘವಾದ ದೇಶದಲ್ಲಿ, ಒಣಗಿದ ಅಡಿಪಾಯದ ಮೇಲೆ, ಮನೆಯೊಳಗೆ ಬರಿಗಾಲಿನಲ್ಲಿ ನಡೆಯುವವರಿಗೆ ಇದಕ್ಕಿಂತ ಹಿತವಾದ ನೆಲ ಅಪರೂಪ. ಜರ್ಮನಿ, ಇಂಗ್ಲೆಂಡ್, ಕೆನಡ, ಅಮೆರಿಕಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ಪದ್ಧತಿ ಹುಟ್ಟಿನಿಂದಲೇ ಬಂದುದು. ಕಾರ್ಕ್ ಬಯಸುವುದೂ ಅದನ್ನೇ. ಆದರೆ ನೆಲಕ್ಕೆ ಧಾರಾಳವಾಗಿ ನೀರು ಹಾಕಿ ತೊಳೆಯುವ ನಮ್ಮ ಇನ್ನೊಂದು ಪದ್ಧತಿಯನ್ನು ಅಲ್ಲಿ ಬಿಡಬೇಕಾಗುತ್ತದೆ. ಕರ್ಣಾಟಕದ ಬಹುಭಾಗದಲ್ಲಿ ಕಲ್ಲು ಗಾರೆಗಳೇ ಮೇಲು ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಮಡಿಕೇರಿಯಂತಹ ತಂಪಾದ ಊರಿನಲ್ಲಿ ನೆಲ ಕಾಲಿಗೆ ಚುರುಕ್ಕೆನ್ನುವುದು ನಿಜ. ಆದರೆ ಅಲ್ಲಿಯ ಮಳೆಗಾಲದ ತೇವ ಕಾರ್ಕಿಗೆ ಅನುಕೂಲವಾದುದಲ್ಲ. ಅಲ್ಲಿ ಮಲಗುವ ಕೋಣೆಯಲ್ಲಿ ಹಾಸಿಗೆಯ ಪಕ್ಕಕ್ಕೆ ಒಂದು ಕಾರ್ಕಿನ ಚಾಪೆಯನ್ನು ಹಾಕಿಕೊಂಡರೆ ಬಹುಪಾಲು ಸುಖ ಅಲ್ಪವೆಚ್ಚದಲ್ಲಿ ದೊರೆತೀತು.

‘ದೂರದೇಶದ ಒಂದು ನೆಲದ ವಿಚಾರ ನಮಗೇಕೆ?’ ಎಂದು ಕೇಳುವವರಿಗೆ ಇನ್ನೊಂದು ಮಾತು. ಕಾರ್ಕಿನ ಕಾಡುಗಳು ಇಂದಿಗೂ ನಿಂತಿರುವುದು ಅವುಗಳ ತೊಗಟೆಗೆ ಬೆಲೆಯಿರುವುದರಿಂದ. ಅಜ್ಜನು ನೆಟ್ಟ ಮರದಿಂದ ಮೊಮ್ಮಗನು ಒಳ್ಳೆಯ ತೊಗಟೆಯನ್ನು ಸುಲಿಯುತ್ತಾನೆ. ನಡುವೆ ಯಾರೂ ಅದನ್ನು ಕಡಿದು ಮಾರುವ ಆತುರಕ್ಕೆ ಒಳಗಾಗಬಾರದು. ಸೀಸೆಗಳಿಗೆ ಪ್ಲಾಸ್ಟಿಕ್ಕಿನ ಬಿರಡೆಯೂ ತಿರುಪಿನ ಮುಚ್ಚಳವೂ ಬಂದ ಮೇಲೆ ಈ ಸರಪಳಿಗೆ ಅಪಾಯ ಒದಗಿದೆ. ಬೆಲೆಯಿಲ್ಲದ ತೊಗಟೆಯ ಮರವನ್ನು ಎಷ್ಟು ತಲೆಮಾರು ಕಾಯುವರು? ಮರ ಹೋದರೆ ಅದರ ನೆರಳಿನ ಹುಲ್ಲು, ಹಕ್ಕಿ, ಪ್ರಾಣಿಗಳ ಗತಿಯೂ ಅಷ್ಟೇ. ಕಾರ್ಕಿನ ಉಳಿಕೆಯಿಂದ ನೆಲ, ಗೋಡೆಯ ಹೊದಿಕೆ, ಪಾದರಕ್ಷೆಯ ಅಟ್ಟೆ ಮುಂತಾದುವನ್ನು ಮಾಡಿ ಮಾರುವುದರಿಂದ ಆ ಕಾಡಿಗೆ ಎರಡನೆಯ ಊರುಗೋಲು ದೊರೆಯುತ್ತದೆ. ಆದರೆ ತಪ್ಪಾದ ಮನೆಯಲ್ಲಿ ಹಾಸಿ, ನೀರು ಸುರಿದು, ಎರಡು ವರ್ಷದಲ್ಲಿ ಕಿತ್ತೆಸೆಯುವ ನೆಲ ಆ ಕಾಡಿಗೆ ಯಾವ ಉಪಕಾರವನ್ನೂ ಮಾಡದು. ಕಾರ್ಕಿಗೆ ಕೆಟ್ಟ ಹೆಸರನ್ನು ಮಾತ್ರ ತರುತ್ತದೆ. 9 ವರ್ಷ ಕಾದು ತೆಗೆದ ತೊಗಟೆ ಅದಕ್ಕಿಂತ ಹೆಚ್ಚು ಕಾಲ ಬಾಳುವಂತೆ ನೋಡಿಕೊಳ್ಳುವುದು ಕೊಂಡವರ ಕರ್ತವ್ಯ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಾರ್ಕಿನ ನೆಲವನ್ನು ಹಾಸಲಾರರು. ಆದರೆ ಮುಂದೆ ಒಂದು ದಿನ ಎಲ್ಲರೂ ಯಾವುದಾದರೊಂದು ನೆಲವನ್ನು, ಮಾಡನ್ನು, ಗೋಡೆಯ ಬಣ್ಣವನ್ನು ಆರಿಸಬೇಕಾಗುವುದು. ಆಗ ಅಂಗಡಿಯವನನ್ನು ‘ಇದು ಒಳ್ಳೆಯದೇ?’ ಎಂದು ಕೇಳುವುದಕ್ಕೆ ಬದಲಾಗಿ, ಇದರ ಉಷ್ಣವಾಹಕತ್ವವೆಷ್ಟು, ಇದು ಎಷ್ಟು ಒತ್ತಡವನ್ನು ತಾಳುವುದು, ನೀರು ಇದರಲ್ಲಿ ಯಾವ ದಾರಿಯಿಂದ ಹೋಗಬಲ್ಲುದು, ನಮ್ಮ ಊರಿನ ಹವೆಯಲ್ಲಿ ಇದು ಹೇಗೆ ವರ್ತಿಸುವುದು ಎಂದು ಕೇಳತಕ್ಕದ್ದು. ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರ ಪರೀಕ್ಷೆಯ ಕಾಗದದಲ್ಲಿ ಮುಗಿಯುವಂತಹುದಲ್ಲ. ಅಲ್ಲಿಯವರೆಗೆ, ಎರಡು ಮಂಜುಗಡ್ಡೆಯ ತುಂಡುಗಳ ಪ್ರಯೋಗವನ್ನಾದರೂ ಈ ಭಾನುವಾರ ಮಾಡಿ ನೋಡಿರಿ.